ಮಿಸಿಸಿಪಿ ಹುಟ್ಟುವ ಕೆರೆಯ ದಡದಲ್ಲಿ ಎರಡು ರಾತ್ರಿ: ಇಟಾಸ್ಕಾ ಸ್ಟೇಟ್ ಪಾರ್ಕ್‌ಗೆ ಹೊರಟವರಿಗೆ

ಮಿನ್ನಿಯಾಪೊಲಿಸ್‌ನಿಂದ ಬೆಳಿಗ್ಗೆ ಹೊರಟು, ನಾಲ್ಕು ಗಂಟೆ ಕಾರು ಓಡಿಸಿ, ನದಿಯ ಕಲ್ಲುಗಳನ್ನು ದಾಟಿ, ಮರದ ದಿಮ್ಮಿಯ ಮುಂದೆ ಫೋಟೊ ತೆಗೆಸಿಕೊಂಡು, ಅದೇ ಸಂಜೆ ಮತ್ತೆ ನಾಲ್ಕು ಗಂಟೆ ಓಡಿಸಿ ಮನೆ ಸೇರುವವರು ಬಹಳ ಮಂದಿ. ಇಟಾಸ್ಕಾಕ್ಕೆ ಹೀಗೆ ಹೋಗಿಬರುವುದೆಂದರೆ ತಲಕಾವೇರಿಯಲ್ಲಿ ಕುಂಡಿಕೆಯನ್ನಷ್ಟೇ ನೋಡಿ, ಬ್ರಹ್ಮಗಿರಿಯ ಕಡೆ ತಲೆಯನ್ನೂ ಎತ್ತದೆ ಬಂದಂತೆ. ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ಮೊದಲ ದಿನ ಟೆಂಟ್ ಹಾಕುವುದರಲ್ಲೇ ಕಳೆಯುತ್ತದೆ, ಮೂರನೆಯ ದಿನ ಬಿಚ್ಚುವುದರಲ್ಲಿ. ನಡುವಿನ ಒಂದು ಪೂರ್ತಿ ದಿನಕ್ಕಾಗಿಯೇ ಈ ಪ್ರವಾಸ.

ಮಿನ್ನೆಸೋಟ ರಾಜ್ಯದ ಅತಿ ಹಳೆಯ ಸ್ಟೇಟ್ ಪಾರ್ಕ್ ಇದು, 1891ರಲ್ಲಿ ಆದದ್ದು. 32,000 ಎಕರೆಗೂ ಮಿಗಿಲಾದ ಕಾಡು, ಅದರೊಳಗೆ ನೂರಕ್ಕೂ ಹೆಚ್ಚು ಕೆರೆಗಳು. ಇಟಾಸ್ಕಾ ಕೆರೆಯ ಉತ್ತರದ ತುದಿಯಿಂದ ಮಿಸಿಸಿಪಿ ನದಿ ಹೊರಡುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಯೆಲ್ಲೊಸ್ಟೋನ್‌ಗೆಂದು ಕೊಂಡ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಇದು ರಾಜ್ಯ ಸರ್ಕಾರದ ಪಾರ್ಕ್, ಪ್ರತಿ ಕಾರಿಗೂ ರಾಜ್ಯದ ಪರ್ಮಿಟ್ ಬೇಕು. ಒಂದು ದಿನದ್ದೂ ಸಿಗುತ್ತದೆ, ಒಂದು ವರ್ಷದ್ದೂ. ವರ್ಷದ ಪರ್ಮಿಟ್ ಮಿನ್ನೆಸೋಟದ ಎಲ್ಲ ಸ್ಟೇಟ್ ಪಾರ್ಕ್‌ಗಳಿಗೂ ಆಗುತ್ತದೆ. ಅದೇ ವರ್ಷ ಬೇರೆ ಪಾರ್ಕ್‌ಗಳಿಗೂ ಹೋಗುವ ಮನಸ್ಸಿದ್ದರೆ ವಾರ್ಷಿಕದ್ದೇ ಲಾಭ. ಕ್ಯಾಂಪಿಂಗ್ ಜಾಗದ ಬಾಡಿಗೆ ಇದರ ಮೇಲೆ ಬೇರೆ.

ಯಾವ ತಿಂಗಳು

ಕೆರೆಯ ಮಂಜುಗಡ್ಡೆ ಕರಗುವುದೇ ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ. ಮೇ ತಿಂಗಳಲ್ಲಿ ಕಾಡು ಚೆಂದ, ನೀರು ಕೊರೆಯುತ್ತದೆ, ಉಣುಗು (ಟಿಕ್) ಎದ್ದಿರುತ್ತವೆ. ಜೂನ್ ಮತ್ತು ಜುಲೈ ಸೊಳ್ಳೆಗಳ ಕಾಲ. ಆದರೆ ಜೂನ್ ಕೊನೆಯ ಹೊತ್ತಿಗೆ ರಾಜ್ಯದ ಹೂವಾದ ಶೋವಿ ಲೇಡೀಸ್ ಸ್ಲಿಪರ್ ಎಂಬ ಗುಲಾಬಿ-ಬಿಳಿ ಆರ್ಕಿಡ್ ರಸ್ತೆಬದಿಯ ಜೌಗಿನಲ್ಲಿ ಅರಳುತ್ತದೆ (ಕೀಳುವುದು ಕಾನೂನಿಗೆ ವಿರುದ್ಧ). ನಮ್ಮ ಆಯ್ಕೆ ಆಗಸ್ಟ್‌ನ ಕೊನೆಯ ಎರಡು ವಾರ. ನೀರು ಈಜುವಷ್ಟು ಬೆಚ್ಚಗಿರುತ್ತದೆ, ಸೊಳ್ಳೆ ಕಡಿಮೆಯಾಗಿರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಆಸ್ಪೆನ್, ಬರ್ಚ್ ಮರಗಳು ಅರಿಶಿನ ಬಳಿದಂತಾಗುತ್ತವೆ. ಆಗ ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯೂ ಬರಬಹುದು. ಕೊಳಾಯಿ ಒಡೆಯಬಾರದೆಂದು ಚಳಿ ಶುರುವಾದಂತೆ ಸ್ನಾನದ ಮನೆಗಳನ್ನು ಮುಚ್ಚುತ್ತಾರೆ. ಶರತ್ಕಾಲದಲ್ಲಿ ಹೋಗುವವರು ಯಾವ ಕಟ್ಟಡ ತೆರೆದಿದೆ ಎಂದು ಬುಕ್ ಮಾಡುವ ಮುನ್ನವೇ ನೋಡಿಕೊಳ್ಳಬೇಕು.

ಜೂನ್ ನಡುವೆ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲರ ಸುಮಾರಿಗೆ, ಮತ್ತೆ ಐದೂವರೆಗೆಲ್ಲ ಬೆಳಕು. ಚಿಕ್ಕ ಮಕ್ಕಳು ಟೆಂಟ್‌ನಲ್ಲಿ ಮಲಗುವುದೇ ಇಲ್ಲ ಎಂಬ ದೂರಿಗೆ ಕಾರಣ ಇದೇ. ಟೆಂಟ್‌ನ ಪೂರ್ವದ ಬದಿಗೆ ಒಂದು ದಪ್ಪ ಹೊದಿಕೆ ಇಳಿಬಿಟ್ಟರೆ ಒಂದು ಗಂಟೆಯ ನಿದ್ದೆ ಉಳಿಯುತ್ತದೆ.

ಜಾಗ ಹಿಡಿಯುವುದು

ಕ್ಯಾಂಪ್‌ಸೈಟ್ ಬುಕಿಂಗ್ 120 ದಿನ ಮೊದಲು ತೆರೆಯುತ್ತದೆ. ಜುಲೈ 3ಕ್ಕೆ ಬರಬೇಕೆಂದರೆ ಮಾರ್ಚ್ 5ಕ್ಕೆ ಕೂತು ಬುಕ್ ಮಾಡಬೇಕು. ದೀರ್ಘ ವಾರಾಂತ್ಯದ ಒಳ್ಳೆಯ ಜಾಗಗಳು ಉಳಿಯುವುದಿಲ್ಲ. ಭಾನುವಾರದಿಂದ ಗುರುವಾರದವರೆಗೆ ಬರಲಾಗುವವರಿಗೆ ಈ ಓಟ ಬೇಡ. ಒಂದು ಸೈಟಿಗೆ ಆರು ಜನ ಎಂಬುದು ಲೆಕ್ಕ. ಮೂರು ಕುಟುಂಬ ಸೇರಿ ಹೊರಟರೆ ಅಕ್ಕಪಕ್ಕದ ಮೂರು ಸೈಟ್ ಹಿಡಿಯಿರಿ; ಒಂದರಲ್ಲೇ ಹನ್ನೆರಡು ಜನ ತುಂಬಿದರೆ ರೇಂಜರ್ ಬಂದು ಕೇಳುತ್ತಾರೆ.

ಕಾರಿನಲ್ಲಿ ಹೋಗಿ ತಂಗುವ ಕ್ಯಾಂಪ್‌ಗ್ರೌಂಡ್ ಎರಡು. ಬೇರ್ ಪಾ ಎಂಬುದು ಕೆರೆಯ ಪಕ್ಕದಲ್ಲೇ ಇದೆ. ಕೆಲವು ಜಾಗಗಳಿಗೆ ಕಾರು ಹೋಗುವುದಿಲ್ಲ, ಸಾಮಾನನ್ನು ಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋಗಬೇಕು. ಪೈನ್ ರಿಡ್ಜ್ ಎಂಬುದು ಕೆರೆಯಿಂದ ಸ್ವಲ್ಪ ಒಳಗೆ, ವಿಸ್ತಾರವಾಗಿ, ಹಲವು ಸುತ್ತುಗಳಲ್ಲಿ ಹರಡಿದೆ. ನೀರು ಕಾಣಬೇಕು ಎನ್ನುವವರು ಬೇರ್ ಪಾ ನೋಡಲಿ. ಮೊದಲ ಸಲ ಟೆಂಟ್ ಹಾಕುವವರಿಗೆ, ಓಡಿಹೋಗುವ ವಯಸ್ಸಿನ ಮಕ್ಕಳಿರುವವರಿಗೆ ಪೈನ್ ರಿಡ್ಜ್ ನಿರಾಳ. ನಕ್ಷೆಯಲ್ಲಿ ಶೌಚಾಲಯದ ಎದುರಿನ ಸೈಟ್ ಅನುಕೂಲವೆಂದು ಕಾಣುತ್ತದೆ, ಆದರೆ ರಾತ್ರಿಯೆಲ್ಲ ಬಾಗಿಲಿನ ಸದ್ದು ಮತ್ತು ಟಾರ್ಚಿನ ಬೆಳಕು ಟೆಂಟಿನ ಮೇಲೆ ಬೀಳುತ್ತಿರುತ್ತವೆ. ನಾಲ್ಕೈದು ಸೈಟ್ ಆಚೆ ಇರುವುದು ಮೇಲು. ಅಜ್ಜ ಅಜ್ಜಿ ಊರಿನಿಂದ ಬಂದಿದ್ದರೆ ಅವರನ್ನು ನೆಲದ ಮೇಲೆ ಮಲಗಿಸಬೇಡಿ. ಕ್ಯಾಂಪರ್ ಕ್ಯಾಬಿನ್ ಎಂಬ ಮರದ ಕೋಣೆಗಳಿವೆ, 1905ರಲ್ಲಿ ಕಟ್ಟಿದ ಡಗ್ಲಸ್ ಲಾಡ್ಜ್ ಕೂಡ ಇದೆ.

ದಾರಿ

ಮಿನ್ನಿಯಾಪೊಲಿಸ್ ಕಡೆಯಿಂದ ಸುಮಾರು 220 ಮೈಲಿ. ಸೇಂಟ್ ಕ್ಲೌಡ್ ದಾಟಿ ಹೆದ್ದಾರಿ 10ರಲ್ಲಿ ವಾಡೀನಾ ಊರಿನವರೆಗೆ, ಅಲ್ಲಿಂದ ಹೆದ್ದಾರಿ 71ರಲ್ಲಿ ಉತ್ತರಕ್ಕೆ, ಪಾರ್ಕ್ ರ‍್ಯಾಪಿಡ್ಸ್ ಮೂಲಕ. ಪಾರ್ಕ್ ರ‍್ಯಾಪಿಡ್ಸ್‌ನಿಂದ ಇನ್ನು ಇಪ್ಪತ್ತು ಮೈಲಿ ಮಾತ್ರ. ಪೆಟ್ರೋಲ್, ಹಾಲು, ಐಸ್, ಮರೆತ ಔಷಧಿ ಎಲ್ಲವನ್ನೂ ಅಲ್ಲಿಯೇ ಮುಗಿಸಿಕೊಳ್ಳಿ. ಕಾಡಿನೊಳಗೆ ಫೋನಿನ ಸಿಗ್ನಲ್ ನಂಬುವಂತಿಲ್ಲ. ಬುಕಿಂಗ್ ರಶೀದಿ ಮತ್ತು ಪಾರ್ಕಿನ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟಿರಿ. ಸಂಜೆಗತ್ತಲೆಯಲ್ಲಿ ಹೆದ್ದಾರಿ 71ಕ್ಕೆ ಜಿಂಕೆಗಳು ಹಾರಿ ಬರುತ್ತವೆ, ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಬೆಳಕಿರುವಾಗಲೇ ತಲುಪುವಂತೆ ಹೊರಡಿ. ಕತ್ತಲಲ್ಲಿ ಮೊದಲ ಟೆಂಟ್ ಹಾಕಿ ಯಾರ ಸಂಸಾರವೂ ಸುಖವಾಗಿಲ್ಲ.

ಟೆಂಟ್ ಮತ್ತು ಹಾಸಿಗೆ

ನಾಲ್ಕು ಜನರ ಟೆಂಟ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಇಬ್ಬರು ದೊಡ್ಡವರು, ಒಂದು ಮಗು, ಮೂರು ಬ್ಯಾಗ್ ಎಂದು ಓದಿಕೊಳ್ಳಿ. ಹೊಸ ಟೆಂಟನ್ನು ಮನೆಯ ಹಿತ್ತಲಲ್ಲಿ ಒಂದು ಸಲ ಹಾಕಿ ಬಿಚ್ಚಿ.

ಸೈಟಿಗೆ ಬಂದಮೇಲೆ ಮೊದಲು ನೋಡಬೇಕಾದ್ದು ನೆಲವನ್ನಲ್ಲ, ಮೇಲಕ್ಕೆ. ಒಣಗಿ ತೂಗುತ್ತಿರುವ ಕೊಂಬೆಯ ಕೆಳಗೆ ಟೆಂಟ್ ಬೇಡ, ಗಾಳಿಗೆ ಅದು ಬೀಳುವುದು ರಾತ್ರಿಯೇ. ಆಮೇಲೆ ನೆಲ. ತಗ್ಗಿನಲ್ಲಿ ಹಾಕಿದರೆ ಮಳೆನೀರು ಅಲ್ಲಿಗೇ ಬರುತ್ತದೆ. ಸ್ವಲ್ಪ ಇಳಿಜಾರು ಇದ್ದರೆ ತಲೆ ಎತ್ತರದ ಕಡೆ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗೇ ಇರಬೇಕು. ಹೊರಗೆ ಚಾಚಿದ ಟಾರ್ಪಾಲು ಮೇಲಿನಿಂದ ಇಳಿದ ಮಳೆಯನ್ನು ಹಿಡಿದು ನಿಮ್ಮ ಬೆನ್ನ ಕೆಳಗೆ ತಂದು ಬಿಡುತ್ತದೆ. 'ಟೆಂಟ್ ಸೋರಿತು' ಎನ್ನುವವರಲ್ಲಿ ಅರ್ಧದಷ್ಟು ಜನರ ಕಥೆ ಇಷ್ಟೇ. ಉಳಿದರ್ಧ, ಹೊರಹೊದಿಕೆಯನ್ನು ಎಳೆದು ಗೂಟ ಹೊಡೆಯದೆ ಒಳಗಿನ ಬಟ್ಟೆಗೆ ತಾಗಲು ಬಿಟ್ಟವರು. ಆಕಾಶ ನಿಚ್ಚಳವಾಗಿದ್ದರೂ ಹೊರಹೊದಿಕೆ ಹಾಕಿಯೇ ಮಲಗಿ, ಗಾಳಿಕಿಂಡಿಗಳನ್ನು ತೆರೆದಿಡಿ. ಮುಚ್ಚಿದರೆ ಉಸಿರಿನ ಆವಿಯೇ ಹನಿಯಾಗಿ ಬೆಳಿಗ್ಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಜುಲೈನಲ್ಲೂ ರಾತ್ರಿ 10-12 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಇಲ್ಲಿ ಮಾಮೂಲು. 0 ಡಿಗ್ರಿ ಸೆಲ್ಸಿಯಸ್‌ಗೆ ಆಗುವ ಸ್ಲೀಪಿಂಗ್ ಬ್ಯಾಗ್ ತನ್ನಿ; ಸೆಕೆಯಾದರೆ ಜಿಪ್ ತೆಗೆದರಾಯಿತು. ನಮ್ಮವರು ಕಂಬಳಿಯ ಮೇಲೆ ಕಂಬಳಿ ಹೊದ್ದು, ಕೆಳಗೆ ಬರೀ ಬೆಡ್‌ಶೀಟ್ ಹಾಸಿ ನಡುಗುತ್ತಾರೆ. ಚಳಿ ಬರುವುದು ನೆಲದಿಂದ. ಗಾಳಿ ತುಂಬುವ ದಪ್ಪ ಹಾಸಿಗೆಯೊಳಗೆ ಹತ್ತಿಯಂಥ ತುಂಬು ಇಲ್ಲದಿದ್ದರೆ ಅದೂ ತಣ್ಣಗೇ. ಕೊಳ್ಳುವಾಗ ಚಳಿ ತಡೆಯುವ ಶಕ್ತಿಯನ್ನು ಹೇಳುವ ಆರ್-ವ್ಯಾಲ್ಯೂ ಎಂಬ ಅಂಕಿ ನೋಡಿ, 3ಕ್ಕಿಂತ ಹೆಚ್ಚಿರಲಿ.

ಅಡುಗೆ, ಮತ್ತು ಅದರ ವಾಸನೆ

ಇಡ್ಲಿ ಹಿಟ್ಟು ಬೇಡ. ಈ ಚಳಿಗೆ ಹುದುಗು ಬರುವುದಿಲ್ಲ, ಹುದುಗಿದ್ದನ್ನು ತಂದರೆ ಕೂಲರಿನಲ್ಲಿ (ಐಸ್ ಪೆಟ್ಟಿಗೆ) ಉಕ್ಕಿ ಎಲ್ಲದಕ್ಕೂ ಮೆತ್ತುತ್ತದೆ. ಮನೆಯಲ್ಲೇ ಹುರಿದು ಒಗ್ಗರಣೆ ಬೆರೆಸಿಟ್ಟ ರವೆ, ದಪ್ಪ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ, ಮೊಸರು, ಇಷ್ಟರಲ್ಲಿ ನಾಲ್ಕು ಜನರ ಎರಡು ದಿನ ಸಲೀಸು. ಎರಡು ಲೀಟರಿನ ಸಣ್ಣ ಕುಕ್ಕರ್ ಒಂದಿದ್ದರೆ ಅನ್ನ, ಬೇಳೆ ಎರಡಕ್ಕೂ ಆಯಿತು.

ಎರಡು ಬರ್ನರಿನ ಪ್ರೊಪೇನ್ ಒಲೆಗೆ ಹಸಿರು ಬಣ್ಣದ ಒಂದು ಪೌಂಡಿನ ಸಿಲಿಂಡರ್ ಬರುತ್ತದಲ್ಲ, ಎರಡೂ ಉರಿಯನ್ನು ಪೂರ್ತಿ ಇಟ್ಟರೆ ಅದು ಸುಮಾರು ಒಂದು ಗಂಟೆಗೆ ಮುಗಿಯುತ್ತದೆ. ಮೇಲಿನ ಅಡುಗೆಗೆ ಎರಡು ಸಿಲಿಂಡರ್ ಸಾಕು, ಬೆಳಿಗ್ಗೆ ಮೂರು ಸಲ ಕಾಫಿ ಕಾಯಿಸುವ ಮನೆಯಾದರೆ ಮೂರು ತನ್ನಿ. ಗಾಳಿಗೆ ಉರಿ ಬಾಗಿದರೆ ಅನಿಲ ದುಪ್ಪಟ್ಟು ಖರ್ಚಾಗುತ್ತದೆ. ಒಲೆಯ ಮೂರೂ ಬದಿಯ ತಗಡನ್ನು ಎತ್ತಿ ನಿಲ್ಲಿಸಿ. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ತರಬಾರದು. ಟೆಂಟಿಗೆ ಬೆಂಕಿ ಹಿಡಿಯುವ ಭಯ ಒಂದಾದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮತ್ತೊಂದು. ಮಳೆಗೆಂದೇ ಒಂದು ಟಾರ್ಪಾಲು, ಇಪ್ಪತ್ತು ಅಡಿ ಹಗ್ಗ ಬೇರೆಯಾಗಿ ಇಟ್ಟಿರಿ.

ಈ ಕಾಡಿನಲ್ಲಿ ಕಪ್ಪು ಕರಡಿಗಳಿವೆ. ಅವು ಮನುಷ್ಯರನ್ನು ಹುಡುಕಿ ಬರುವುದಿಲ್ಲ, ಕೂಲರ್ ಹುಡುಕಿ ಬರುತ್ತವೆ. ಇಂಗು-ಸಾಸಿವೆಯ ಒಗ್ಗರಣೆ ಎಷ್ಟು ದೂರ ಹೋಗುತ್ತದೆಂದು ಪಕ್ಕದ ಸೈಟಿನವರನ್ನು ಕೇಳಿದರೂ ಗೊತ್ತಾಗುತ್ತದೆ. ಊಟವಾದ ಕೂಡಲೇ ಪಾತ್ರೆ ತೊಳೆದು, ಕೂಲರ್, ಎಣ್ಣೆ ಬಾಟಲಿ, ಕಸದ ಚೀಲ, ಸೋಪು, ಟೂತ್‌ಪೇಸ್ಟ್, ಮಗುವಿನ ಬಿಸ್ಕತ್ತು ಎಲ್ಲವೂ ಕಾರಿನೊಳಗೆ; ಕಿಟಕಿ ಪೂರ್ತಿ ಮೇಲೆ. ಟೆಂಟಿನೊಳಗೆ ಒಂದು ಚಕ್ಕುಲಿಯೂ ಬೇಡ. ಅದನ್ನು ಹುಡುಕಿ ಕರಡಿಗಿಂತ ಮೊದಲು ಬರುವುದು ಅಳಿಲಿನ ಜಾತಿಯ ಚಿಪ್‌ಮಂಕ್, ಬಟ್ಟೆಯನ್ನೇ ಕಡಿದು ತೂತು ಮಾಡಿ. ಪಾತ್ರೆಯನ್ನು ಕೆರೆಯಲ್ಲಾಗಲೀ ಕುಡಿಯುವ ನೀರಿನ ಕೊಳಾಯಿ ಕೆಳಗಾಗಲೀ ತೊಳೆಯುವಂತಿಲ್ಲ. ಬೇಸಿನ್‌ನಲ್ಲಿ ತೊಳೆದು, ಅನ್ನದ ಅಗುಳನ್ನು ಸೋಸಿ ಕಸಕ್ಕೆ ಹಾಕಿ, ನೀರನ್ನು ಅದಕ್ಕೆಂದು ಇಟ್ಟ ಜಾಗದಲ್ಲಿ ಚೆಲ್ಲಿ.

ಸೌದೆ

ಮನೆಯ ಹಿತ್ತಲಿನ ಸೌದೆಯನ್ನು ಡಿಕ್ಕಿಗೆ ತುಂಬಿಕೊಂಡು ಬರಬೇಡಿ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ದುಂಬಿಯ ಮರಿಹುಳು ಆಶ್ ಮರದ ತೊಗಟೆಯ ಕೆಳಗೆ ಕೊರೆದು ಇಡೀ ಮರವನ್ನೇ ಕೊಲ್ಲುತ್ತದೆ. 2009ರಲ್ಲಿ ಮಿನ್ನೆಸೋಟದಲ್ಲಿ ಮೊದಲು ಸಿಕ್ಕಿತು. ತಾನಾಗಿ ಅದು ದೂರ ಹಾರುವುದಿಲ್ಲ, ಸೌದೆಯ ಜೊತೆ ಕಾರಿನಲ್ಲಿ ನೂರಾರು ಮೈಲಿ ಬರುತ್ತದೆ. ಹಾಗಾಗಿ ಅನುಮತಿ ಪಡೆದ ಮಾರಾಟಗಾರರ ಅಥವಾ ಪ್ರಮಾಣೀಕರಿಸಿದ ಸೌದೆಯನ್ನಷ್ಟೇ ಸ್ಟೇಟ್ ಪಾರ್ಕಿಗೆ ತರಬಹುದು, ರಶೀದಿ ಇಟ್ಟುಕೊಂಡಿರಬೇಕು. ಪಾರ್ಕಿನಲ್ಲೇ ಕಟ್ಟು ಮಾರುತ್ತಾರೆ. ಒಂದು ಸಂಜೆಗೆ ಎರಡು ಕಟ್ಟು ಲೆಕ್ಕ. ಕಾಡಿನಲ್ಲಿ ಬಿದ್ದ ಕಡ್ಡಿಯನ್ನೂ ಆರಿಸುವಂತಿಲ್ಲ, ಪುಳ್ಳೆಗೆ ಬೇಕಾದರೆ ಕಟ್ಟಿನ ಎರಡು ಸೌದೆಯನ್ನೇ ಸಣ್ಣ ಕೊಡಲಿಯಿಂದ ಸೀಳಿ. ಹೆಬ್ಬೆರಳು ದಪ್ಪದ ಹತ್ತು ಹದಿನೈದು ಚಕ್ಕೆ ಹತ್ತಿಕೊಂಡು ಕೆಂಡವಾಗುವ ಮುನ್ನವೇ ದೊಡ್ಡ ಸೌದೆ ಹೇರುವುದರಿಂದಲೇ ಬರೀ ಹೊಗೆ ಏಳುವುದು.

ಆರಿಸುವಾಗ ಒಂದು ಬಕೆಟ್ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಬೂದಿಯ ಮೇಲೆ ಕೈ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ. ರಾತ್ರಿ ಹತ್ತರಿಂದ ಮೌನದ ಹೊತ್ತು. ಅಂತ್ಯಾಕ್ಷರಿ ಒಂಬತ್ತೂವರೆಗೇ ಕೊನೆಯ ಹಾಡಿಗೆ ಬಂದರೆ ಒಳ್ಳೆಯದು. ಆಮೇಲೆ ಕೆರೆಯ ಕಡೆಯಿಂದ ತೋಳ ಊಳಿಟ್ಟಂತೆ, ನಡುವೆ ಯಾರೋ ಹುಚ್ಚಾಗಿ ನಕ್ಕಂತೆ ಕೇಳಿದರೆ ಬೆಚ್ಚಬೇಡಿ. ಅದು ಲೂನ್, ರಾಜ್ಯದ ಹಕ್ಕಿ.

ಉಣುಗು

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಇಲ್ಲಿಯ ಕಪ್ಪು ಕಾಲಿನ ಉಣುಗು ತರುವುದು ಬೇರೆ ರೋಗ, ಲೈಮ್. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದ್ದು ತಿಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ಅಂಟುತ್ತದೆ. ಆದ್ದರಿಂದ ದಿನಾ ಸಂಜೆ ಮೈ ತಡಕುವ ಅಭ್ಯಾಸವೇ ದೊಡ್ಡ ರಕ್ಷಣೆ.

ಹೊರಡುವ ಎರಡು ದಿನ ಮೊದಲು ಪ್ಯಾಂಟ್, ಸಾಕ್ಸ್, ಶೂಗಳಿಗೆ 0.5 ಶೇಕಡಾ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ಹೊರಗೆ ಪೂರ್ತಿ ಒಣಗಿಸಿ. ಇದು ಬಟ್ಟೆಗೆ, ಮೈಗಲ್ಲ. ಹಸಿಯಾಗಿರುವಾಗ ಬೆಕ್ಕಿಗೆ ವಿಷ. ಮೈಗೆ 20-30 ಶೇಕಡಾ ಡೀಟ್ ಇರುವ, ಕೀಟ ಓಡಿಸುವ ಔಷಧಿ. ಸನ್‌ಸ್ಕ್ರೀನ್ ಮೊದಲು, ಡೀಟ್ ಆಮೇಲೆ. ತಿಳಿ ಬಣ್ಣದ ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಳ್ಳಿ. ಚೆನ್ನಾಗಿ ಕಾಣುವುದಿಲ್ಲ, ಆದರೆ ಹತ್ತುವ ಉಣುಗು ಕಾಣುತ್ತದೆ. ಸಂಜೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ನೋಡಿ. ಕಚ್ಚಿದ್ದು ಸಿಕ್ಕರೆ ಚೂಪು ಚಿಮಟಿಗೆಯಲ್ಲಿ ಚರ್ಮಕ್ಕೆ ಅಂಟಿದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಕಚ್ಚಿದ ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ಒಂದು ತಿಂಗಳಲ್ಲಿ ಕೆಂಪು ಬಳೆಯಂತೆ ಹರಡುವ ಗಂಧೆ ಅಥವಾ ಜ್ವರ ಬಂದರೆ ವೈದ್ಯರಿಗೆ ಅದನ್ನು ಹೇಳಬೇಕು.

ನಡುವಿನ ದಿನ

ಬೆಳಿಗ್ಗೆ ಏಳಕ್ಕೇ ನದಿಯ ಉಗಮಕ್ಕೆ ಹೋಗಿ. ಹತ್ತರ ಮೇಲೆ ಅಲ್ಲಿ ಜಾತ್ರೆ. ಕಾರು ನಿಲ್ಲಿಸುವ ಜಾಗದಿಂದ ಐದಾರು ನಿಮಿಷದ ನಡಿಗೆ. ಅಲ್ಲಿಯ ಕೇಂದ್ರಕ್ಕಿಟ್ಟಿರುವ ಮೇರಿ ಗಿಬ್ಸ್ ಎಂಬ ಹೆಸರು, 1903ರಲ್ಲಿ 24ನೆಯ ವಯಸ್ಸಿನಲ್ಲಿ ಪಾರ್ಕಿನ ಕಮಿಷನರ್ ಆಗಿ ಮರ ಕಡಿಯುವ ಕಂಪನಿಯನ್ನು ಎದುರಿಸಿ ನಿಂತ ಹೆಣ್ಣುಮಗಳದು. ನದಿ ಇಲ್ಲಿ ಹದಿನೆಂಟು ಅಡಿಯಷ್ಟು ಅಗಲ, ಮಂಡಿಯಷ್ಟು ಆಳ. ಎಲ್ಲರೂ ಕಲ್ಲುಸಾಲಿನ ಮೇಲೆ ದಾಟಲು ಹೋಗುತ್ತಾರೆ, ಪಾಚಿಗೆ ಜಾರಿ ಬೀಳುತ್ತಾರೆ. ಕಲ್ಲುಸಾಲಿನ ಕೆಳಬದಿಯಲ್ಲಿ, ನೀರೊಳಗೇ ನಡೆದು ದಾಟುವುದು ಸುಲಭ. ಪಟ್ಟಿ ಇರುವ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ನೀರು ಪಾಲಾಗುತ್ತದೆ. ಅಂದಹಾಗೆ, ಆ ಕಲ್ಲುಸಾಲು ಪ್ರಕೃತಿಯದ್ದಲ್ಲ. 1930ರ ದಶಕದಲ್ಲಿ ಜೌಗನ್ನು ಸರಿಪಡಿಸಿ, ಕೆಳಗೆ ಕಾಂಕ್ರೀಟ್ ಹಾಕಿ ಜೋಡಿಸಿದ್ದು.

ದಿಮ್ಮಿಯ ಮೇಲೆ ಸಮುದ್ರಮಟ್ಟದಿಂದ 1,475 ಅಡಿ, ಮೆಕ್ಸಿಕೊ ಕೊಲ್ಲಿಗೆ 2,552 ಮೈಲಿ ಎಂದು ಕೊರೆದಿದೆ. ಆ ಕೊಲ್ಲಿ ಇರುವುದು ದಕ್ಷಿಣಕ್ಕೆ; ನದಿ ಹೊರಡುವುದು ಮಾತ್ರ ಉತ್ತರಕ್ಕೆ, ಬೆಮಿಡ್ಜಿಯ ಕಡೆ. ಆಮೇಲೆ ಬಳಸಿ ತಿರುಗುತ್ತದೆ. ಇಟಾಸ್ಕಾ ಎಂಬ ಹೆಸರು ಆದಿವಾಸಿಗಳದ್ದೆಂದು ಅನ್ನಿಸುತ್ತದೆ, ಅಲ್ಲ. ಓಜಿಬ್ವೆ ಜನಾಂಗದ ಓಜಾವಿಂಡಿಬ್ 1832ರಲ್ಲಿ ಅನ್ವೇಷಕ ಹೆನ್ರಿ ಸ್ಕೂಲ್‌ಕ್ರಾಫ್ಟ್‌ನನ್ನು ಇಲ್ಲಿಗೆ ಕರೆತಂದಾಗ, ಆತ 'ವೆರಿಟಾಸ್ ಕಾಪುಟ್' ಎಂಬ ಎರಡು ಲ್ಯಾಟಿನ್ ಪದಗಳ ತಲೆ ಬಾಲ ಕತ್ತರಿಸಿ ನಡುವಿನದನ್ನು ಉಳಿಸಿಕೊಂಡ. ಓಜಿಬ್ವೆಯವರಿಗೆ ಇದು ಎಲ್ಕ್ ಕೆರೆ.

ನದಿ ಹುಟ್ಟುವ ಜಾಗವೆಂದರೆ ನಮ್ಮ ಕೈ ತಾನಾಗಿ ಹೂವು, ಕುಂಕುಮ, ನಾಣ್ಯಕ್ಕೆ ಹೋಗುತ್ತದೆ. ಇಲ್ಲಿ ಹಾಕುವಂತಿಲ್ಲ. ತೀರ್ಥವೆಂದು ಬಾಯಿಗೂ ಹಾಕಬೇಡಿ, ಕುದಿಸದ ಕೆರೆನೀರಿನಿಂದ ಜಿಯಾರ್ಡಿಯಾ ಎಂಬ ಪರೋಪಜೀವಿ ತಗುಲಿ ವಾರಗಟ್ಟಲೆ ಹೊಟ್ಟೆ ಕೆಡಬಹುದು. ತಲೆಗೆ ಚಿಮುಕಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಅಲ್ಲಿಂದ ಬಂದು ದೋಣಿ. ಬಾಡಿಗೆಗೆ ಕನೂ, ಕಯಾಕ್ ಸಿಗುತ್ತವೆ. ಮಧ್ಯಾಹ್ನ ಗಾಳಿ ಏಳುವ ಮುನ್ನ ಮುಗಿಸಿ. ಹೋಗುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ. ತೋಳು ಸೋತಮೇಲೆ ಮರಳುವಾಗ ಗಾಳಿಯೇ ತಳ್ಳುತ್ತದೆ. ತಿರುಗಾಮುರುಗಾ ಮಾಡಿದವರು ಆಚೆ ದಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹತ್ತು ವರ್ಷದ ಕೆಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟೇ ಇರಬೇಕೆಂದು ಕಾನೂನು, ಉಳಿದವರಿಗೆ ದೋಣಿಯಲ್ಲಿ ತಲೆಗೊಂದು ಇರಬೇಕು. ಈಜು ಬಾರದವರು ಕಾನೂನು ಕಾಯದೆ ತೊಟ್ಟುಕೊಳ್ಳಿ. ಈಜಿ ಬಂದ ತಕ್ಷಣ ಟವೆಲಿನಿಂದ ಗಟ್ಟಿಯಾಗಿ ಒರೆಸಿಕೊಳ್ಳಿ. ನೀರು ಮೈಮೇಲೆ ಆರಲು ಬಿಟ್ಟರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಚರ್ಮ ಹೊಕ್ಕು ತುರಿಕೆ ಎಬ್ಬಿಸುತ್ತವೆ. ಗುಡುಗು ಕೇಳಿದರೆ ದಡಕ್ಕೆ, ದಡದಿಂದ ಕಾರಿಗೆ. ಎತ್ತರದ ಪೈನ್ ಮರದ ಬುಡಕ್ಕಲ್ಲ, ಟೆಂಟಿಗೂ ಅಲ್ಲ.

ಮಧ್ಯಾಹ್ನಕ್ಕೆ ವೈಲ್ಡರ್‌ನೆಸ್ ಡ್ರೈವ್, ಹತ್ತು ಮೈಲಿ, ಹೆಚ್ಚಿನ ಭಾಗ ಏಕಮುಖ. ಸೈಕಲ್ಲಿನವರು ಇದಕ್ಕೆ ಡಾಂಬರು ಸೈಕಲ್ ಹಾದಿಯ ಆರು ಮೈಲಿ ಸೇರಿಸಿ ಹದಿನಾರು ಮೈಲಿಯ ಸುತ್ತು ಹೊಡೆಯುತ್ತಾರೆ. ಏರಿಳಿತ ಜಾಸ್ತಿ, ಎಂಟು ವರ್ಷದ ಮಕ್ಕಳಿಗೆ ಡಾಂಬರು ಹಾದಿಯಷ್ಟೇ ಸಾಕು. ಐಟನ್ ಹೈಟ್ಸ್‌ನಲ್ಲಿ ಕಾಡ್ಗಿಚ್ಚು ಕಾಯಲೆಂದು ಕಟ್ಟಿದ ನೂರು ಅಡಿ ಗೋಪುರಕ್ಕೆ ರಸ್ತೆಯಿಂದ ಅರ್ಧ ಮೈಲಿ ನಡೆಯಬೇಕು. ಗಾಳಿ ಜೋರಿದ್ದರೆ ಹತ್ತಬೇಡಿ. ಸಂಜೆಯ ಬೆಳಕಿಗೆ ಪ್ರೀಚರ್ಸ್ ಗ್ರೋವ್ ಇಟ್ಟುಕೊಳ್ಳಿ. ಶತಮಾನಗಳ ಕೆಂಪು ಪೈನ್ ಮರಗಳ ಬುಡಕ್ಕೆ ಕೆರೆಯ ಆಚೆಯಿಂದ ಓರೆಬಿಸಿಲು ಬೀಳುವ ಹೊತ್ತು ಅದು.

ಬಿಚ್ಚುವಾಗ

ನಿಮ್ಮದೇ ದೋಣಿ ತಂದಿದ್ದರೆ ಕೆರೆಯಿಂದ ಹೊರಡುವ ಮುನ್ನ ಅಂಟಿದ ಜೊಂಡನ್ನೆಲ್ಲ ಕಿತ್ತು, ನೀರು ಬಸಿದು, ಬಿರಡೆ ತೆಗೆದಿಟ್ಟೇ ರಸ್ತೆಗಿಳಿಯಬೇಕು. ಒಂದು ಕೆರೆಯ ಕಳೆ ಇನ್ನೊಂದಕ್ಕೆ ಹೋಗಬಾರದೆಂಬ ಕಾನೂನು, ದಂಡವಿದೆ. ಟೆಂಟನ್ನು ಒಳಗಿನ ಮರಳು ಕೊಡವಿ ಮಡಚಿ. ಇಬ್ಬನಿಗೆ ಅದು ಹಸಿಯಾಗೇ ಇರುತ್ತದೆ. ಮನೆಗೆ ಬಂದ ದಿನವೇ ಗರಾಜಿನಲ್ಲಿ ಹರವಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿದು ಆ ವಾಸನೆ ಮುಂದೆಂದೂ ಹೋಗುವುದಿಲ್ಲ. ತೊಟ್ಟ ಬಟ್ಟೆಗಳನ್ನು ಒಗೆಯುವ ಮುನ್ನ ಒಣಗಿದ್ದಂತೆಯೇ ಡ್ರೈಯರಿಗೆ ಹಾಕಿ ಜೋರು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿ. ಒಗೆದರೆ ಸಾಯದ ಉಣುಗು ಒಣ ಬಿಸಿಗೆ ಸಾಯುತ್ತದೆ.